ದೋಣಿಕಾಲಿನ ಅಮಾನ್ ತುಳಿದ ಹುದುಗು

ಅಮಾನಳ ಕಾಲು ನೋಡಿ ಒಂದು ಸಲವಾದರೂ ನಗದವರು ಹುವಾಂಗ್‌ಶಿ ಕಡವಿನಲ್ಲಿ ಯಾರೂ ಇರಲಿಲ್ಲ. ಅಗಲವಾದ, ಬೆರಳು ಬಿಡಿಬಿಡಿಯಾದ, ದೇವರು ಕೊಟ್ಟ ಹಾಗೇ ಉಳಿದಿದ್ದ ಕಾಲು. ತುವೊ ನದಿಯ ದಂಡೆಯ ಆ ಊರಿನಲ್ಲಿ ಮಾನವಂತರ ಮನೆಯ ಹೆಂಗಸರೆಲ್ಲ ಮುಷ್ಟಿಯೊಳಗೆ ಹಿಡಿಸುವಂಥ ಕಾಲಿನ ಮೇಲೆ ಗೋಡೆ ಹಿಡಿದು ನಡೆಯುತ್ತಿದ್ದ ಕಾಲ ಅದು. ಅಮಾನ್ ಹಕ್ಕಾ ಮಂದಿಯವಳು. ಗುಡ್ಡದ ಮೇಲೆ ಗೆಣಸು ಬೆಳೆದು ಬದುಕುವ ಆ ಜನ ಪೇಟೆಯವರ ಹಾಗೆ ಎಳೆಯ ಬೆರಳು ಮಡಿಚಿ ಬಟ್ಟೆ ಬಿಗಿದು ಹೆಣ್ಣುಮಕ್ಕಳ ಕಾಲು ಕಟ್ಟುತ್ತಿರಲಿಲ್ಲ. ಊರವರು ಅವಳಿಗೆ ದೋಣಿಕಾಲಿನವಳು ಎಂದು ಹೆಸರಿಟ್ಟರು. ಹೆಸರು ಅವಳ ಜೊತೆಗೇ ಮುದಿಯಾಯಿತು.

ಜಾಡಿ ಸಾಗಿಸುವ ಅಂಬಿಗರು ಕಡವಿನಲ್ಲಿ ಅವಳನ್ನು ಕಂಡರೆ ಬಿಡುತ್ತಿರಲಿಲ್ಲ. "ಅಮಾನಕ್ಕ, ಒಂದು ದೋಣಿ ಸೋರ್ತಾ ಇದೆ, ನಿಂದೊಂದು ಬಾಡಿಗೆಗೆ ಕೊಡ್ತೀಯಾ?" ಎಂದು ಕೂಗುತ್ತಿದ್ದರು.

"ಕೊಡ್ತೀನಪ್ಪ," ಎನ್ನುತ್ತಿದ್ದಳು ಅಮಾನ್, ನಿಲ್ಲದೆ. "ಹುಟ್ಟು ಹಾಕೋ ತಾಕತ್ತು ನಿಂಗಿರ್ಬೇಕಲ್ಲ."

ಇದೇ ಅಂಬಿಗರು ಸಂಜೆ ಸಾರಾಯಿ ಭಟ್ಟಿಯ ಶೆನ್ ಯಜಮಾನರ ಅಂಗಡಿಯ ಬೆಂಚಿನ ಮೇಲೆ ಕೂತು, ಕೆಂಜೋಳದ ಸಾರಾಯಿಯನ್ನು ಗುಟುಕರಿಸಿ, ಆಹಾ, ಎದೆಯೊಳಗೆ ದೀಪ ಹಚ್ಚಿದ ಹಾಗಾಯಿತು ಎನ್ನುತ್ತಿದ್ದರು. ಆ ದೀಪಕ್ಕೆ ಎಣ್ಣೆ ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಜೋಳ ತಾನಾಗಿ ಸಾರಾಯಿಯಾಗುವುದಿಲ್ಲ. ಬೇಯಿಸಿದ ಜೋಳಕ್ಕೆ ಹುದುಗು ಬೆರೆಸಿ ಮಣ್ಣಿನ ಗುಂಡಿಯಲ್ಲಿ ಮುಚ್ಚಿಟ್ಟರೆ ಮಾತ್ರ ಅದಕ್ಕೆ ಜೀವ ಬರುತ್ತದೆ. ಆ ಹುದುಗು ಗೋಧಿಯ ಇಟ್ಟಿಗೆ. ಆ ಇಟ್ಟಿಗೆಯನ್ನು ತುಳಿಯುತ್ತಿದ್ದದ್ದು ಅಮಾನ್ ಮತ್ತು ಅವಳಂಥ ದೋಣಿಕಾಲಿನ ನಾಲ್ಕಾರು ಹೆಂಗಸರು. ಊರು ನಕ್ಕಿದ್ದ ಕಾಲನ್ನೇ ಊರು ಕುಡಿಯುತ್ತಿತ್ತು.

ಗೋಧಿ ಕೊಯ್ಲು ಮುಗಿದು ಸೆಕೆ ಏರಿದಾಗ ತುಳಿತ ಶುರುವಾಗುತ್ತಿತ್ತು. ಒಡೆದ ಗೋಧಿಗೆ ನೀರು ಚಿಮುಕಿಸಿ, ಹೋದ ವರ್ಷದ ಇಟ್ಟಿಗೆಯ ಪುಡಿ ಒಂದು ಹಿಡಿ ಬೆರೆಸಿ, ಮರದ ಅಚ್ಚಿಗೆ ತುಂಬಿ ಅದರ ಮೇಲೆ ಹತ್ತಿ ನಿಲ್ಲುವುದು. ಮೊದಲು ಹಿಮ್ಮಡಿಯಿಂದ ಅಂಚು, ಆಮೇಲೆ ಅಂಗಾಲಿನಿಂದ ನಡು. ಅಂಚು ಬಿಗಿಯಾಗಬೇಕು, ಹೊಟ್ಟೆ ಸ್ವಲ್ಪ ಮೆತ್ತಗೆ ಉಬ್ಬಿರಬೇಕು. ಹೊಟ್ಟೆಯನ್ನೂ ಬಿಗಿದರೆ ಒಳಗೆ ಉಸಿರಾಡದೆ ಇಟ್ಟಿಗೆಯ ಎದೆ ಕಪ್ಪಾಗುತ್ತದೆ, ಸಡಿಲ ಬಿಟ್ಟರೆ ಬೂದಿ ಬಣ್ಣಕ್ಕೆ ತಿರುಗಿ ಮುಗ್ಗಲು ಹಿಡಿಯುತ್ತದೆ. ತುಳಿದ ಇಟ್ಟಿಗೆಗಳನ್ನು ಹುಲ್ಲು ಹೊದಿಸಿ ಕತ್ತಲೆ ಕೋಣೆಯಲ್ಲಿಟ್ಟರೆ ಬೆಂಕಿಯಿಲ್ಲದೆ ತಾವೇ ಕಾಯ್ದು, ಬಿಳಿ ತುಪ್ಪಳ ಹೊದ್ದು, ತಿಂಗಳುಗಳು ಕಳೆದ ಮೇಲೆ ಒಣಗಿದ ಹಣ್ಣಿನಂಥ ವಾಸನೆ ಕೊಡುತ್ತಿದ್ದವು.

ಆ ಇಟ್ಟಿಗೆ ಭಟ್ಟಿಯ ಕೊಟ್ಟಿಗೆಯೊಳಗೆ ಹೋಗಬಹುದಿತ್ತು. ತುಳಿದವಳು ಹೋಗುವಂತಿರಲಿಲ್ಲ. ಹೆಂಗಸು ಹೊಸ್ತಿಲು ದಾಟಿದರೆ ಗುಂಡಿ ಹುಳಿಯಾಗುತ್ತದಂತೆ. ಅವಳ ಬೆವರು ಗೋಧಿಗೆ ಬಿದ್ದಾಗ ಹುಳಿಯಾಗದ್ದು ಅವಳ ನೆರಳು ಬಿದ್ದರೆ ಹೇಗೆ ಹುಳಿಯಾಗುತ್ತದೆ ಎಂದು ಕೇಳುವವರೇ ಇರಲಿಲ್ಲ. ಇಂಥ ಕಟ್ಟಳೆ ಮಾಡುವವರು ತಮ್ಮ ಕಾಲನ್ನು ಯಾವತ್ತೂ ಅಚ್ಚಿನ ಮೇಲೆ ಇಟ್ಟವರಲ್ಲ.

ಅಮಾನಳಿಗೆ ಈ ಸಿಟ್ಟು ಇರಲಿಲ್ಲ. ಇದ್ದರೂ ಅದಕ್ಕಿಂತ ಮೊದಲು ಅವಳಲ್ಲಿ ಉಪಕಾರದ ನೆನಪು ಏಳುತ್ತಿತ್ತು. ಬೆಳಗ್ಗೆ ಅಚ್ಚು ಹತ್ತುವ ಮೊದಲು ಕಾಲು ಒರೆಸಿಕೊಂಡು ಸತ್ತ ತಾಯಿಯನ್ನು ನೆನೆಯುತ್ತಿದ್ದಳು. ಪಕ್ಕದ ಹಳ್ಳಿಯವಳೊಬ್ಬಳು ಮಗಳ ಕಾಲು ಕಟ್ಟು, ಒಳ್ಳೆ ಕಡೆ ಹೋಗ್ತಾಳೆ ಎಂದಾಗ ಆ ತಾಯಿ, ಹಾಗಾದ್ರೆ ಗುಡ್ಡ ಹತ್ತಿ ಗೆಣಸು ಕೀಳೋದು ನಿಮ್ಮಪ್ಪನಾ, ಎಂದು ಕೇಳಿದ್ದಳಂತೆ. ಅಷ್ಟೇ ಮಾತು. ಆ ಮಾತಿನ ಮೇಲೆ ಅಮಾನ್ ಒಂದು ಆಯುಷ್ಯ ನಡೆದಳು. ಗಂಡ ಹೊಳೆಗೆ ಸಿಕ್ಕಿ ಹೋದ ಮೇಲೆ ಮಗ ಶೌಗೆನ್‌ನನ್ನು ಆ ಕಾಲೇ ಸಾಕಿತು. ವರ್ಷಕ್ಕೊಮ್ಮೆ, ಹೊಸ ಸಾರಾಯಿಯ ದಿನ, ತುಳಿಯುವವರಿಗೆ ಹಿತ್ತಲಲ್ಲಿ ಒಂದೊಂದು ಬಟ್ಟಲು ಸಿಗುತ್ತಿತ್ತು. ಅಮಾನ್ ಅರ್ಧ ಕುಡಿದು ಉಳಿದರ್ಧವನ್ನು ಹಿಮ್ಮಡಿಗೆ ಸವರಿಕೊಳ್ಳುತ್ತಿದ್ದಳು. ದುಡಿದದ್ದು ಇವು, ಇವಕ್ಕೂ ಪಾಲು ಬೇಡವಾ ಎನ್ನುತ್ತಿದ್ದಳು.

ಅವಳು ಇನ್ನೊಬ್ಬರ ಉಪಕಾರವನ್ನೂ ನೆನೆಯುತ್ತಿದ್ದಳು. ಸೊಸೆ ರುಯಿಚಿನ್‌ಳದು. ರುಯಿಚಿನ್ ಹಕ್ಕಾ ಅಲ್ಲ, ಪೇಟೆಯವಳು, ಕಾಲು ಕಟ್ಟಿದವಳು. ತಾಯಿಯಿಲ್ಲದ ಅವಳ ಕಾಲನ್ನು ಅವಸರದ ಚಿಕ್ಕಮ್ಮನೊಬ್ಬಳು ಕಟ್ಟಿದ್ದಳು. ಕೀವು ತುಂಬಿ ಒಂದು ಬೆರಳು ಉದುರಿತು, ಆಕಾರವೂ ಕೂಡಲಿಲ್ಲ. ಒಳ್ಳೆ ಮನೆಯವರು ಒಲ್ಲೆ ಎಂದ ಮೇಲೆ ಅಂಬಿಗ ಶೌಗೆನ್‌ನ ಪಾಲಿಗೆ ಬಂದಳು. ಬಂದವಳು ಮೂಗು ಮುರಿಯಲಿಲ್ಲ. ತುಳಿತದ ದಿನಗಳಲ್ಲಿ ಅಮಾನ್ ಮನೆಗೆ ಬರುವ ಹೊತ್ತಿಗೆ ಮರದ ಬಾನಿಯಲ್ಲಿ ಭಟ್ಟಿಯ ಚರಟದ ನೀರು ಬೆಚ್ಚಗೆ ಕಾದಿರುತ್ತಿತ್ತು. ರುಯಿಚಿನ್ ನೆಲಕ್ಕೆ ಕೂತು ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿಯ ಗೋಧಿ ಸಿಪ್ಪೆ ತೆಗೆದು, ತಿಕ್ಕಿ ತೊಳೆಯುತ್ತಿದ್ದಳು. ಅಮಾನ್ ಒಮ್ಮೆ, ನಿನ್ನದೂ ಕೊಡು ತೊಳೀತೀನಿ ಎಂದು ಕೈ ಚಾಚಿದ್ದಕ್ಕೆ ಲಂಗವನ್ನು ಸರಕ್ಕನೆ ಎಳೆದುಕೊಂಡಿದ್ದಳು. ಆ ಬಟ್ಟೆಯ ಸುತ್ತಿನೊಳಗೆ ಏನಿದೆ ಎಂದು ಗಂಡನಿಗೂ ತೋರಿಸಿದವಳಲ್ಲ.

ಮೊಮ್ಮಗಳು ಅತಾವೋಗೆ ಆರು ತುಂಬಿದ ವರ್ಷ ಮನೆಗೆ ಗೌ ಅಮ್ಮ ಬಂದಳು. ಊರೆಲ್ಲ ಸಂಬಂಧ ಕುದುರಿಸುವ ಹೆಂಗಸು. ಜಾಡಿ ವ್ಯಾಪಾರದ ಮೆಂಗ್ ಸಾಹುಕಾರರ ಕಿರಿ ಮಗನಿಗೆ ಈಗಲೇ ಹುಡುಗಿ ಗೊತ್ತು ಮಾಡಿಕೊಳ್ಳುತ್ತಾರಂತೆ, ಹುಡುಗಿಯ ಮುಖ ಚೆಂದ ಇದೆಯಂತೆ, ಆದರೆ ಕಾಲು ಕಟ್ಟಿರಬೇಕಂತೆ. ಕಾಲು ಎಷ್ಟಕ್ಕೆ ಇಳಿಯುತ್ತದೆ ಎಂದು ತೋರಿಸಲು ಒಂದು ಕಾಲಿನ ಜೋಡು ಹೊಲಿದು ಕೊಟ್ಟರೆ ಅದನ್ನೇ ಮಾತಿನ ಗುರುತಾಗಿ ಒಯ್ಯುತ್ತಾಳಂತೆ.

ರುಯಿಚಿನ್ ಕೆಂಪು ರೇಷ್ಮೆಯ ತುಂಡಿಗೆ ದಾಳಿಂಬೆ ಹೂವಿನ ಕಸೂತಿ ಹಾಕಿದಳು. ಹೊಲಿಗೆಯಲ್ಲಿ ಅವಳಿಗೆ ಆ ಬೀದಿಯಲ್ಲಿ ಸಮ ಇರಲಿಲ್ಲ. ಜೋಡು ಮೆಣಸಿನಕಾಯಿಯ ಹಾಗೆ ಸಣ್ಣಗೆ, ಚೂಪಾಗಿ, ಲಕಲಕ ಎನ್ನುತ್ತಿತ್ತು. ಆ ಜೋಡಿನೊಳಗೆ ಈಗ ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡುತ್ತಿರುವ ಕಾಲನ್ನು ತುರುಕಬೇಕಾಗಿತ್ತು.

ಆ ನಾಡಿನಲ್ಲಿ ಅತ್ತೆ ಬೇಡ ಎಂದರೆ ಬೇಡವೇ. ಅಮಾನ್ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲು ಅವಳಿಗೆ ಬಾಯಿ ಬರಲಿಲ್ಲ. ತನ್ನ ಕಾಲು ತೊಳೆದ ಕೈಗೆ ಅಪ್ಪಣೆ ಮಾಡುವುದು ಹೇಗೆ? ಹೇಳಿ, ಮಗು ಮುಂದೆ ಮನೆ ಸಿಗದೆ ಉಳಿದರೆ? ಗಂಡ ಸತ್ತ ಮೇಲೆ ತಾನು ತುಳಿದದ್ದನ್ನು ಮೊಮ್ಮಗಳೂ ತುಳಿಯಲಿ ಎಂದು ಹರಸಬೇಕೇ? ಅತ್ತೆಯ ಮುಖ ನೋಡಿದ ರುಯಿಚಿನ್ ತಾನೇ ಹೇಳಿದಳು. "ನಂದು ಕೆಟ್ಟ ಕೈಲಿ ಕಟ್ಟಿದ್ದು, ಅತ್ತೆ. ಇವಳಿಗೆ ನಾನೇ ಕಟ್ತೀನಿ, ನಿಧಾನಕ್ಕೆ, ನೋಡ್ಕೊಂಡು. ಇವಳು ಮೆಂಗ್ ಮನೇಲಿ ಕೂತು ಉಣ್ಣಲಿ. ನಂಗೆ ಬೇರೆ ಏನೂ ಬೇಡ."

ಅಮಾನ್ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ತುಳಿಯುವವರಲ್ಲಿ ಒಂದು ಪದ್ಧತಿ ಇತ್ತು. ಹೊಸಬಳು ತುಳಿದ ಮೊದಲ ಇಟ್ಟಿಗೆಗೆ ಉಗುರಿನಿಂದ ಗೆರೆ ಎಳೆದು ಬೇರೆಯಾಗಿಡುವುದು. ಹೊಸ ಸಾರಾಯಿಯ ದಿನ ಭಟ್ಟಿಯ ಹಿರಿಯ ಮೇಸ್ತ್ರಿ ಅದನ್ನು ಒಡೆದು ಮೂಸುವುದು. ಎದೆ ಚೆನ್ನಾಗಿದ್ದರೆ ತುಳಿಯುವ ಅಂಗಳದಲ್ಲಿ ಅವಳಿಗೆ ಸಾಯುವ ತನಕ ಜಾಗ.

"ಕಟ್ಟೋದಾದ್ರೆ ಕಟ್ಟು ಕಣವ್ವ," ಎಂದಳು ಅಮಾನ್. "ಅದಕ್ಕೆ ಮುಂಚೆ ಅವಳು ಒಂದು ಇಟ್ಟಿಗೆ ತುಳೀಲಿ. ಚೆನ್ನಾಗಿ ಬಂತೋ, ಆ ಕಾಲಿಗೂ ಒಂದು ಅನ್ನ ಇದೆ ಅಂತ ನೀನು ಇನ್ನೊಂದ್ಸಲ ಯೋಚ್ನೆ ಮಾಡು. ಕೆಟ್ಟಿತೋ, ನಾನು ತುಟಿ ಪಿಟಕ್ ಅನ್ನಲ್ಲ."

ಕಾಲು ಕಟ್ಟುವುದು ಹೇಗೂ ಚಳಿ ಬಿದ್ದ ಮೇಲೆ. ರುಯಿಚಿನ್ ಒಪ್ಪಿದಳು. ಒಪ್ಪಿ, ಕಟ್ಟುವ ಬಟ್ಟೆಯನ್ನು ನೇಯಿಸಿ, ಗಂಜಿ ಹಾಕಿ, ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

ಅತಾವೋ ಅಚ್ಚಿನ ಮೇಲೆ ಹತ್ತಿದ ಬೆಳಗ್ಗೆ ತುಳಿಯುವ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಿದರು. ಮಗು ಗುಬ್ಬಿಯಷ್ಟು ಹಗುರ. ಹಿಮ್ಮಡಿ ಊರಿದರೆ ಗೋಧಿ ಅಲುಗುತ್ತಲೇ ಇರಲಿಲ್ಲ. ಮೂಗಿನ ಮೇಲೆ ಬೆವರು ಬಂತು, ಕಣ್ಣಲ್ಲಿ ನೀರೂ ಬಂತು. ಅಮಾನ್ ಪಕ್ಕದಲ್ಲೇ ನಿಂತಿದ್ದಳು. ಅವಳ ಬಲಗಾಲು ಒಂದು ಸಲ, ಒಂದೇ ಸಲ ಆ ಅಚ್ಚಿನ ಮೇಲೆ ಬಿದ್ದಿದ್ದರೆ ಸಾಕಿತ್ತು. ಹೆಂಗಸರು ಬೇಕೆಂದೇ ಮುಖ ಆಚೆ ತಿರುಗಿಸಿ ನಿಂತರು. ಅಮಾನಳ ಕಾಲು ನೆಲ ಬಿಟ್ಟು ಮೇಲೆದ್ದು, ಮತ್ತೆ ನೆಲಕ್ಕೇ ಇಳಿಯಿತು. ಸೊಸೆಯ ಜೊತೆ ಆಡಿದ ಮಾತನ್ನು ತುಳಿದ ಹಾಗಾಗುತ್ತಿತ್ತು.

ಅತಾವೋ ಇಳಿದು ಓಡಿಹೋಗಿ ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. "ಅಜ್ಜಿ, ಇದನ್ನೂ ಎತ್ಕೊಂಡು ತುಳೀತೀನಿ. ಭಾರ ಆಗತ್ತೆ."

ಹೆಂಗಸರು ನಕ್ಕು ನಕ್ಕು ಗೋಧಿ ರಾಶಿಯ ಮೇಲೆ ಕೂತರು. ಬೆಕ್ಕು ಎತ್ತಿಕೊಳ್ಳಬಾರದು ಅಂತ ಪದ್ಧತಿಯಲ್ಲಿ ಎಲ್ಲೂ ಇಲ್ಲ ಎಂದು ಅವರಲ್ಲೇ ಹಿರಿಯಳು ತೀರ್ಪು ಕೊಟ್ಟಳು. ಬೆಕ್ಕು ಅರಚುತ್ತಿದ್ದ ಹಾಗೇ ಇಟ್ಟಿಗೆ ಮುಗಿಯಿತು. ಅಮಾನ್ ಉಗುರಿನಿಂದ ಗೆರೆ ಎಳೆದಳು. ಮಧ್ಯದಲ್ಲಿ ಮಗುವಿನ ಹಿಮ್ಮಡಿಯ ಗುರುತು ಬಟ್ಟಲಡಿಕೆಯಷ್ಟು ಪುಟ್ಟದಾಗಿ ಮೂಡಿತ್ತು.

ಒಂಬತ್ತನೆಯ ತಿಂಗಳು ಸೇವಂತಿಗೆ ಅರಳಿದಾಗ ಹೊಸ ಸಾರಾಯಿಯ ದಿನ ಬಂತು. ಶೆನ್ ಯಜಮಾನರ ಮುಂದಿನ ಹಜಾರದಲ್ಲಿ ಊಟದ ಏರ್ಪಾಡು. ಉಪ್ಪಿನ ವ್ಯಾಪಾರಿಗಳು, ಕಚೇರಿಯ ಗುಮಾಸ್ತರು, ಒಬ್ಬರು ಮೇಷ್ಟ್ರು, ಮೆಂಗ್ ಸಾಹುಕಾರರು. ಹಿತ್ತಲಲ್ಲಿ ತುಳಿಯುವ ಹೆಂಗಸರು. ಅಡಿಗೆಮನೆಗೆ ಕೈ ಸಾಲದೆ ರುಯಿಚಿನ್‌ಳನ್ನೂ ಕರೆಸಿದ್ದರು.

ಮೇಸ್ತ್ರಿ ಪಾಂಗ್ ಹಿತ್ತಲಿಗೆ ಬಂದು ಕೂತರು. ಆವಿ ಕುಡಿದು ಕುಡಿದು ಮುಖ ಕೆಂಪಾದ, ಮಾತು ಕಮ್ಮಿಯ ಮನುಷ್ಯ. ಹೆಂಗಸರು ಗೆರೆ ಎಳೆದ ಇಟ್ಟಿಗೆಯನ್ನು ಅವರ ಕೈಗೆ ಕೊಟ್ಟರು. ಮೇಲೆ ಬಿಳಿ ತುಪ್ಪಳ ಚೆನ್ನಾಗಿತ್ತು. ಪಾಂಗ್ ಮೊಣಕಾಲಿಗೆ ಕುಟ್ಟಿ ಒಡೆದರು. ಎದೆ ಬೂದಿಯಾಗಿತ್ತು. ಮೂಸಿ, ಮತ್ತೆ ಮೂಸಿ, ಬೆರಳಲ್ಲಿ ಏನನ್ನೋ ಎಳೆದು ಬಿಸಿಲಿಗೆ ಹಿಡಿದರು.

"ಈ ಇಟ್ಟಿಗೇಲಿ ಬೆಕ್ಕಿನ ಕೂದಲಿದೆ," ಎಂದರು.

ಯಾರಿಗೂ ನಗು ಬರಲಿಲ್ಲ. ಪಾಂಗ್ ಮಗುವಿನ ಕಡೆ ನೋಡಿ, ಹಗುರ ಆಯ್ತು ಮರಿ, ಚೆನ್ನಾಗಿ ಉಣ್ಣು, ಬರೋ ವರ್ಷ ಬಾ ಎಂದು ತುಂಡುಗಳನ್ನು ಕೆಳಗಿಟ್ಟರು. ಬರುವ ವರ್ಷ! ಬರುವ ವರ್ಷಕ್ಕೆ ಆ ಕಾಲಿನ ಬೆರಳುಗಳು ಅಂಗಾಲಿನಡಿ ಮಡಿಚಿ ಕೂತಿರುತ್ತವೆ. ಅಮಾನ್ ಬೂದಿ ಬಣ್ಣದ ತುಂಡನ್ನು ಎತ್ತಿ ಅಂಗಿಯೊಳಗೆ ಇಟ್ಟುಕೊಂಡಳು. ತನ್ನ ಪಾಲಿನ ಬಟ್ಟಲನ್ನು ಮುಟ್ಟಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ರುಯಿಚಿನ್ ಮೆಲ್ಲಗೆ, "ಮಾತು ಮಾತೇ ಅಲ್ವಾ ಅತ್ತೆ," ಎಂದಳು. ಆ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ. ಅಮಾನ್ ತಲೆಯಾಡಿಸಿದಳು.

ಹಜಾರದಲ್ಲಿ ನಗು ಏರುತ್ತಿತ್ತು. ರುಯಿಚಿನ್ ಖಾರದ ಎಣ್ಣೆಯಲ್ಲಿ ಬೆಂದ ಹೊಳೆಮೀನಿನ ತಟ್ಟೆ ಎತ್ತಿಕೊಂಡು ನಡುಬಾಗಿಲಿನ ಬಿದಿರು ಪರದೆಯ ತನಕ ಹೋದಳು. ಅಲ್ಲಿಂದಾಚೆ ಗಂಡಾಳು ತಟ್ಟೆ ತೆಗೆದುಕೊಂಡು ಹೋಗುವುದು ರೂಢಿ. ಅನ್ನದ ಬುಟ್ಟಿ ಹಿಡಿದು ಹಿಂದೆಯೇ ಬಂದ ಅಮಾನಳಿಗೆ ಸೊಸೆ ಪರದೆಯ ಸಂದಿಗೆ ಕಣ್ಣಿಟ್ಟು ಕಲ್ಲಾಗಿ ನಿಂತದ್ದು ಕಂಡಿತು. ತಾನೂ ನೋಡಿದಳು.

ಮೆಂಗ್ ಸಾಹುಕಾರರು ಎದ್ದು ನಿಂತಿದ್ದರು. ಅವರ ಅಂಗೈಯಲ್ಲಿ ಒಂದು ಕೆಂಪು ರೇಷ್ಮೆಯ ಜೋಡು. ಗೌ ಅಮ್ಮ ಒಯ್ದಿದ್ದ ಅದೇ ದಾಳಿಂಬೆ ಹೂವಿನ ಕಸೂತಿ. ಆ ಜೋಡಿನ ಬಾಯಿಯೊಳಗೆ ಸಾರಾಯಿಯ ಪುಟ್ಟ ಬಟ್ಟಲು ಕೂರಿಸಿದ್ದರು. ಒಂದು ಗುಟುಕು ಕುಡಿದು, ಜೋಡಿನ ಸಮೇತ ಪಕ್ಕದವರಿಗೆ ದಾಟಿಸಿದರು. ಅವರು ಜೋಡನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕುಡಿದು, ಮೇಷ್ಟ್ರಿಗೆ ದಾಟಿಸಿದರು. ಮೇಷ್ಟ್ರು ಅದರ ಮೇಲೆ ಎರಡು ಸಾಲು ಪದ್ಯ ಕಟ್ಟಿದರು. ಇನ್ನೂ ಇಲ್ಲದ ಕಾಲು ಇದು, ಮೊಗ್ಗಿಗೆ ಮೊದಲೇ ಪರಿಮಳ, ಎಂದು ಯಾರೋ ಅಂದಾಗ ಎಲ್ಲರೂ ನಕ್ಕರು.

ಇದಕ್ಕೆ ಆ ದೊಡ್ಡಮನುಷ್ಯರು ಇಟ್ಟಿದ್ದ ಹೆಸರು ರಸಿಕತೆ. ಹಳೇ ಕಾಲದಿಂದ ಓದಿದವರು ನಡೆಸಿಕೊಂಡು ಬಂದ ಆಟ. ಮೊದಲು ಆರು ವರ್ಷದ ಮಗುವಿನ ಎಲುಬು ಮುರಿಯಬೇಕು, ಆಮೇಲೆ ಆ ಎಲುಬಿನ ಅಳತೆಗೆ ರೇಷ್ಮೆ ಹೊಲಿಯಬೇಕು, ಆಮೇಲೆ ಅದರಲ್ಲಿ ಬಟ್ಟಲಿಟ್ಟು ಕುಡಿದು ಪದ್ಯ ಹೇಳಬೇಕು. ಆ ಬಟ್ಟಲಿನಲ್ಲಿದ್ದ ಸಾರಾಯಿ ಮಾತ್ರ ಯಾವ ಸಣ್ಣ ಕಾಲಿಂದಲೂ ಬಂದದ್ದಲ್ಲ.

ಅಮಾನ್ ಸೊಸೆಯ ತೋಳು ಹಿಡಿಯಲು ಕೈ ಚಾಚಿದಳು. ಅಷ್ಟರಲ್ಲಿ ರುಯಿಚಿನ್ ತಟ್ಟೆಯನ್ನು ನೆಲಕ್ಕಿಟ್ಟು ಪರದೆ ಸರಿಸಿ ಹಜಾರದೊಳಗೆ ನಡೆದಿದ್ದಳು. ಗಂಡಸರ ಊಟದ ನಡುವೆ ಹೆಂಗಸು ಬಂದದ್ದನ್ನು ಆ ಮನೆ ಕಂಡಿರಲಿಲ್ಲ. ಹಿಡಿಯಲು ಗೋಡೆಯಿಲ್ಲದ ನಡುಹಜಾರದಲ್ಲಿ, ತೂಗಾಡುತ್ತ, ಒಂದೊಂದೇ ಹೆಜ್ಜೆ ಇಡುತ್ತ ಅವಳು ಜೋಡು ಇದ್ದವರ ಮುಂದೆ ಹೋಗಿ ನಿಂತಳು. ಅದು ಆಗ ಸುತ್ತು ಮುಗಿಸಿ ಮೆಂಗ್ ಸಾಹುಕಾರರ ಕೈಗೇ ಬಂದಿತ್ತು.

"ಆ ಜೋಡು ಅಳತೆಗೆ ಅಂತ ಕೊಟ್ಟಿದ್ದು, ಸಾಹುಕಾರ್ರೇ," ಎಂದಳು. "ಅಳತೆ ತಪ್ಪಿದೆ. ವಾಪಸ್ ಕೊಡಿ."

ಸಾಹುಕಾರರಿಗೆ ಇವಳು ಯಾರೆಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕುಡಿದ ಮುಖದಲ್ಲೇ ನಕ್ಕರು. "ಏನಮ್ಮಾ, ಇದಕ್ಕಿಂತ ಚಿಕ್ಕದು ಮಾಡ್ತೀಯೋ?"

"ಇಲ್ಲ. ನನ್ ಮಗಳ ಕಾಲು ದೊಡ್ಡದು."

ಆ ಊರಿನಲ್ಲಿ ಒಬ್ಬ ತಾಯಿ ನಾಲ್ಕು ಜನರ ಮುಂದೆ ಹಾಗೆ ಹೇಳುವುದೆಂದರೆ ಮಗಳಿಗೆ ಪೇಟೆಯ ಬಾಗಿಲನ್ನೆಲ್ಲ ತಾನೇ ಮುಚ್ಚಿದ ಹಾಗೆ. ರುಯಿಚಿನ್ ಜೋಡಿನೊಳಗಿನ ಬಟ್ಟಲನ್ನು ತೆಗೆದು, ಒಂದು ಹನಿ ಚೆಲ್ಲದೆ ಅವರ ಮುಂದೆ ಇಟ್ಟು, ಜೋಡನ್ನು ಅಂಗಿಯ ತೋಳಿನೊಳಗೆ ಇರಿಸಿಕೊಂಡು, ಬಂದ ಹಾಗೇ ತೂಗಾಡುತ್ತ ವಾಪಸು ಹೊರಟಳು. ಅರ್ಧ ದಾರಿಯಲ್ಲಿ ಕಾಲು ತಪ್ಪಿತು. ಬೀಳುವ ಮೊದಲೇ ಅಮಾನ್ ಪರದೆ ದಾಟಿ, ದೋಣಿಯಂಥ ಆ ಎರಡು ಕಾಲಿನಲ್ಲಿ ಹಜಾರವನ್ನು ದಡದಡ ತುಳಿದುಕೊಂಡು ಹೋಗಿ ಅವಳನ್ನು ಹಿಡಿದುಕೊಂಡಿದ್ದಳು.

ಶೆನ್ ಯಜಮಾನರು ರೇಗಿದರು. ಈ ಮನೆತನದವರು ಇನ್ನು ತುಳಿಯುವ ಅಂಗಳ ಹತ್ತುವುದು ಬೇಡ ಎಂದರು. ಅದಕ್ಕೆ ಮೇಸ್ತ್ರಿ ಪಾಂಗ್ ಬಾಗಿಲಲ್ಲೇ ನಿಂತು, ಹಾಗಾದ್ರೆ ಬರೋ ವರ್ಷದ ಹುದುಗು ನಿಮ್ಮ ಮೇಷ್ಟ್ರು ತುಳೀಲಿ ಯಜಮಾನ್ರೇ, ಎಂದು ತಮ್ಮ ಪಾಡಿಗೆ ಭಟ್ಟಿಗೆ ಹೋದರಂತೆ. ಯಜಮಾನರ ಸಿಟ್ಟು ಚಳಿಗಾಲ ದಾಟಲಿಲ್ಲ. ಮುಂದಿನ ಗೋಧಿ ಕಾಲಕ್ಕೆ ಅತಾವೋ ಮತ್ತೆ ಅಚ್ಚು ಹತ್ತಿದಳು, ಬೆಕ್ಕಿಲ್ಲದೆ. ಆ ಇಟ್ಟಿಗೆಯ ಎದೆಯೂ ಅಷ್ಟೇನೂ ಚೆನ್ನಾಗಿರಲಿಲ್ಲ. ಅದರಾಚೆ ವರ್ಷದ್ದು ಚೆನ್ನಾಗಿ ಬಂತು.

ಆದರೆ ಅಮಾನ್ ಬದುಕಿರುವ ತನಕ ನೆನೆದದ್ದು ಅದನ್ನಲ್ಲ. ಆ ದಿನದ ಸಂಜೆಯನ್ನು.

ಮನೆಗೆ ಬಂದು ರುಯಿಚಿನ್ ಮಂಚದ ಮೇಲೆ ಕೂತಿದ್ದಳು. ಅತಾವೋ ಆ ಕೆಂಪು ಜೋಡನ್ನು ಬೆಕ್ಕಿನ ಕಾಲಿಗೆ ಹಾಕಲು ಹೆಣಗುತ್ತಿದ್ದಳು. ಅಮಾನ್ ಒಲೆ ಹಚ್ಚಿ, ಚರಟದ ನೀರು ಕಾಯಿಸಿ, ಬಾನಿಗೆ ಸುರಿದು, ಸೊಸೆಯ ಮುಂದೆ ನೆಲಕ್ಕೆ ಕೂತಳು. ಹಿತ್ತಲಲ್ಲಿ ಕುಡಿಯದೆ ಬಿಟ್ಟಿದ್ದ ತನ್ನ ಪಾಲಿನ ಸಾರಾಯಿಯನ್ನು ಒಂದು ಸಣ್ಣ ಕುಡಿಕೆಯಲ್ಲಿ ತಂದಿದ್ದಳು, ಅದನ್ನೂ ಪಕ್ಕದಲ್ಲಿಟ್ಟಳು.

"ಕೊಡು," ಎಂದಳು.

"ಬೇಡ ಅತ್ತೆ. ವಾಸ್ನೆ ಬರತ್ತೆ."

"ನಾನು ಆಯುಷ್ಯ ಎಲ್ಲಾ ಮುಗ್ಗಲು ಗೋಧಿ ಮೂಸಿದೋಳು ಕಣೇ. ಕೊಡು."

ರುಯಿಚಿನ್ ಲಂಗವನ್ನು ಕೊಂಚ ಎತ್ತಿ ಒಂದು ಕಾಲನ್ನು ಮುಂದೆ ಚಾಚಿದಳು. ಅಮಾನ್ ಸುತ್ತು ಬಿಚ್ಚಿದಳು. ಬಿಚ್ಚಿದಷ್ಟೂ ಬಟ್ಟೆ ಇತ್ತು. ಕೊನೆಗೆ ಕಂಡ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಮಡಿಚಿ ಹೋದ ಬೆರಳುಗಳ ಸಂದಿಗೆ ಬೆಚ್ಚಗಿನ ನೀರು ಬಿಟ್ಟು, ಸೊಸೆ ತನಗೆ ಎಷ್ಟೋ ಸಂಜೆ ತೊಳೆದ ಹಾಗೇ ತೊಳೆದಳು. ಬೆರಳು ಇಲ್ಲದ ಜಾಗದಲ್ಲಿ ಅವಳ ಕೈ ನಿಧಾನವಾಯಿತು. ಆಮೇಲೆ ಕುಡಿಕೆಯ ಸಾರಾಯಿಯಲ್ಲಿ ಅರ್ಧವನ್ನು ಸೊಸೆಗೆ ಕುಡಿಸಿದಳು. ಉಳಿದರ್ಧವನ್ನು ಆ ಹಿಮ್ಮಡಿಗೆ ಸವರಿದಳು.

"ಇವೂ ನಡೆದ್ವಲ್ಲ ಇವತ್ತು," ಎಂದಳು.

ಒರೆಸಲು ಬಟ್ಟೆ ಬೇಕಾಯಿತು. ರುಯಿಚಿನ್ ಪೆಟ್ಟಿಗೆಯ ಕಡೆ ಕೈ ತೋರಿಸಿದಳು. ಅದರಲ್ಲಿ ಗಂಜಿ ಹಾಕಿ ಸುತ್ತಿಟ್ಟ ಹೊಸ ಬಟ್ಟೆಯ ಸುರುಳಿ ಇತ್ತು. ಅಮಾನ್ ಅದನ್ನು ತುಂಡು ತುಂಡಾಗಿ ಹರಿದಳು. ಮೊದಲ ತುಂಡು ಗಂಜಿಯ ಬಿರುಸಿಗೆ ನೀರನ್ನೇ ಹೀರಲಿಲ್ಲ. ಎರಡು ಸಲ ಒಗೆದರೆ ಸರಿಹೋಗತ್ತೆ ಅತ್ತೆ, ಎಂದಳು ರುಯಿಚಿನ್. ಸರಿಹೋಯಿತು. ಮುಂದೆ ಎಷ್ಟೋ ವರ್ಷ ತುಳಿಯುವ ಅಂಗಳದ ಹೆಂಗಸರು ಅಚ್ಚು ಹತ್ತುವ ಮೊದಲು ಕಾಲು ಒರೆಸಿಕೊಂಡದ್ದು ಆ ಬಟ್ಟೆಗಳಲ್ಲೇ.